ಒತ್ತಾಯವಿಲ್ಲದ ಒತ್ತಡ: ‘ಎಮ್ಮಾ’ ಕಾದಂಬರಿಯಲ್ಲಿ ವರ್ಗ ಮತ್ತು ಪ್ರಭಾವ

ಜೇನ್ ಆಸ್ಟೆನ್ ಅವರ ‘ಎಮ್ಮಾ’ ಪ್ರಕಟವಾದದ್ದು 1815ರ ಡಿಸೆಂಬರಿನಲ್ಲಿ. ಕಥೆ ನಡೆಯುವ ಹೈಬರಿ ಎಂಬ ಊರು ಕಲ್ಪಿತ. ಅಲ್ಲಿನ ವರ್ಗವ್ಯವಸ್ಥೆ ಮಾತ್ರ ಅಂದಿನ ಇಂಗ್ಲೆಂಡಿನದೇ. ವರ್ಗವೆಂದರೆ ಅಲ್ಲಿ ಬರೀ ದುಡ್ಡಲ್ಲ. ಜಮೀನು, ಮನೆತನ, ಕಸುಬು, ಯಾರ ಮನೆಗೆ ಯಾರು ಹೋಗಿಬರಬಹುದು ಎಂಬ ಕಟ್ಟುಪಾಡು ಎಲ್ಲವೂ ಸೇರಿ ಒಬ್ಬರ ಅಂತಸ್ತು ತೀರ್ಮಾನವಾಗುತ್ತದೆ. ಎಮ್ಮಾ ವುಡ್‌ಹೌಸ್ 30,000 ಪೌಂಡಿನ ವಾರಸುದಾರಳು. ಅವಳ ಗೆಳತಿ, 17ರ ಹ್ಯಾರಿಯೆಟ್ ಸ್ಮಿತ್, ಹೆತ್ತವರು ಯಾರೆಂದೇ ತಿಳಿಯದೆ ಶಾಲೆಯೊಂದರಲ್ಲಿ ಉಳಿದುಕೊಂಡಿರುವ ಹುಡುಗಿ.

ರಾಬರ್ಟ್ ಮಾರ್ಟಿನ್ ಎಂಬ ಗೇಣಿ ರೈತನನ್ನು ಮದುವೆಯಾಗಬೇಡವೆಂದು ಎಮ್ಮಾ ಹ್ಯಾರಿಯೆಟ್‌ಗೆ ಹೇಳಿದಳೆಂದೇ ಬಹಳ ಓದುಗರು ನೆನಪಿಟ್ಟುಕೊಂಡಿರುತ್ತಾರೆ. ಮೊದಲ ಸಂಪುಟದ 7ನೇ ಅಧ್ಯಾಯವನ್ನು ತೆರೆದು ನೋಡಿ, ಅವಳು ಹಾಗೆ ಹೇಳುವುದೇ ಇಲ್ಲ! ಮದುವೆಯ ಪ್ರಸ್ತಾಪದ ಪತ್ರ ಹಿಡಿದು ಬಂದ ಹುಡುಗಿಗೆ, ತಾನು ಸಲಹೆ ಕೊಡುವುದಿಲ್ಲ, ತೀರ್ಮಾನ ನಿನ್ನದೇ ಎನ್ನುತ್ತಾಳೆ. ಆದರೆ ಅಷ್ಟರೊಳಗೆ, ಉತ್ತರ ನಿರಾಕರಣೆಯೇ ಎಂದು ತಾನಾಗಿ ಭಾವಿಸಿಕೊಂಡು ಮಾತಾಡಿಬಿಟ್ಟಿರುತ್ತಾಳೆ. ಹ್ಯಾರಿಯೆಟ್ ಆ ಮಾತಿನ ಧಾಟಿ ಹಿಡಿದು ‘ಇಲ್ಲ’ ಎಂದ ಕೂಡಲೇ ಮೆಚ್ಚುಗೆ ಸಿಗುತ್ತದೆ. ಒಪ್ಪಿದ್ದರೆ ರೈತನ ಹೆಂಡತಿಯ ಮನೆಗೆ ತಾನು ಕಾಲಿಡಲಾಗುತ್ತಿರಲಿಲ್ಲ ಎಂಬ ಮಾತು ಆಮೇಲೆ ಬರುತ್ತದೆ. ಹುಡುಗಿ ಬೆಚ್ಚುತ್ತಾಳೆ. ಉತ್ತರ ಬರೆಯುವಾಗಲೂ ಎಮ್ಮಾಳ ನೆರವಿರುತ್ತದೆ. ಇಲ್ಲಿ ನೇರ ಆಜ್ಞೆಯಿಲ್ಲ. ಮೇಲಿರುವವರ ಒಲವನ್ನು ಕೆಳಗಿರುವವರೇ ಊಹಿಸಿ ನಡೆಯುತ್ತಾರೆ. ಊಹೆ ತಪ್ಪಿದರೆ ಕಳೆದುಕೊಳ್ಳುವುದೇನೆಂದು ಎಮ್ಮಾಳಿಗೆ ಮೊದಲೇ ಗೊತ್ತು, ಹ್ಯಾರಿಯೆಟ್‌ಗೆ ತಿಳಿಯುವುದು ಆಮೇಲೆ. ವರ್ಗ ಪ್ರಭಾವವಾಗಿ ಕೆಲಸ ಮಾಡುವ ಬಗೆಯನ್ನು ಇಷ್ಟು ಸೂಕ್ಷ್ಮವಾಗಿ ತೋರಿಸಿದ ಪುಟಗಳು ಕಾದಂಬರಿಲೋಕದಲ್ಲೇ ಅಪರೂಪ.

ಹ್ಯಾರಿಯೆಟ್ ಮೆದು ಸ್ವಭಾವದವಳು, ಇದು ವರ್ಗದ ಮಾತಲ್ಲ, ವ್ಯಕ್ತಿತ್ವದ ಮಾತು ಎಂಬ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಅವಳು ಸುಲಭವಾಗಿ ಬಾಗುತ್ತಾಳೆ, ನಿಜ. ಆದರೆ ಯಾರತ್ತ ಬಾಗುತ್ತಾಳೆ ಎಂಬುದನ್ನು ಸ್ವಭಾವ ವಿವರಿಸುವುದಿಲ್ಲ. ಮಾರ್ಟಿನ್ ಮನೆಯವರೂ ಅವಳನ್ನು ಪ್ರೀತಿಯಿಂದ ಕಂಡವರೇ. ಆದರೂ ತಕ್ಕಡಿ ಎಮ್ಮಾಳ ಕಡೆಗೇ ವಾಲಿತು. ಕೊನೆಗೆ ಹ್ಯಾರಿಯೆಟ್ ಎಮ್ಮಾಳಿಂದ ದೂರ ಲಂಡನ್ನಿನಲ್ಲಿದ್ದಾಗ, ಮಾರ್ಟಿನ್ ಮತ್ತೆ ಕೇಳಿದ ತಕ್ಷಣ ಒಪ್ಪಿಬಿಡುತ್ತಾಳೆ. ಇದು ಬರೀ ಸ್ವಭಾವದ ಮಾತಲ್ಲ, ವರ್ಗದ ಮಾತು ಎಂಬುದಕ್ಕೆ ಮೂರನೇ ಸಂಪುಟದ ಬಾಕ್ಸ್ ಹಿಲ್ ವಿಹಾರವೂ ಸಾಕ್ಷಿ. ಬಡತನಕ್ಕೆ ಇಳಿದ, ನಡುವಯಸ್ಸಿನ ಮಿಸ್ ಬೇಟ್ಸ್‌ರನ್ನು ಎಮ್ಮಾ ಎಲ್ಲರೆದುರು ಹಂಗಿಸುತ್ತಾಳೆ. ಅವರು ಸಿರಿವಂತೆಯಾಗಿದ್ದರೆ ಈ ಮಾತನ್ನು ಹೋಗಲಿ ಎಂದು ಬಿಡಬಹುದಿತ್ತು ಎಂದು ಎಮ್ಮಾಳ ಹಳೆಯ ಸ್ನೇಹಿತ ನೈಟ್ಲಿ ಗದರಿಸುತ್ತಾರೆ. ಆಡಿದ ಮಾತಿನ ಭಾರವನ್ನು ಆಡಿದವರ ಅಂತಸ್ತು ಹೆಚ್ಚಿಸುತ್ತದೆ ಎಂಬ ತತ್ವ ಕಾದಂಬರಿಯಲ್ಲಿ ಬಾಯಿಬಿಟ್ಟು ಹೇಳಲ್ಪಡುವುದು ಇಲ್ಲೇ.

ಆಸ್ಟೆನ್ ವರ್ಗವ್ಯವಸ್ಥೆಯನ್ನು ಕೆಡವಲಿಲ್ಲ. ಮದುವೆ ನಿಶ್ಚಯವಾದ ಮೇಲೆ ಹ್ಯಾರಿಯೆಟ್ ಮತ್ತು ಎಮ್ಮಾರ ಗೆಳೆತನ ತಣ್ಣಗಾಗುತ್ತದೆ, ಅಂತಸ್ತುಗಳು ತಮ್ಮ ಜಾಗದಲ್ಲೇ ಉಳಿಯುತ್ತವೆ. ಆದರೆ ಪ್ರಭಾವ ಇರುವವರಿಗೆ ಹೊಣೆಯೂ ಇದೆ ಎಂಬುದನ್ನು ಅವರು ಬಿಟ್ಟುಕೊಡಲಿಲ್ಲ. ಆ 7ನೇ ಅಧ್ಯಾಯವನ್ನು ದಯವಿಟ್ಟು ಎರಡು ಸಲ ಓದಿ: ಒಮ್ಮೆ ಎಮ್ಮಾಳ ಪಕ್ಕ ಕುಳಿತು, ಇನ್ನೊಮ್ಮೆ ಹ್ಯಾರಿಯೆಟ್‌ಳ ಪಕ್ಕ. ಬಳಿಕ ಇದೇ ಲೇಖಕಿಯ ‘ಪರ್ಸುಯೇಷನ್’ ಕೈಗೆತ್ತಿಕೊಳ್ಳಿ. ಹಿರಿಯರ ಮಾತು ಕೇಳಿ ಮದುವೆಯ ನಿಶ್ಚಯ ಮುರಿದುಕೊಂಡವಳ ಕಥೆಯದು. ಪ್ರಭಾವಕ್ಕೆ ಒಳಗಾದವರ ಒಳಮನಸ್ಸನ್ನು ಅರಿಯಲು ಅದಕ್ಕಿಂತ ಒಳ್ಳೆಯ ಮುಂದಿನ ಪಾಠ ಇಲ್ಲ.