ತೊಟ್ಟಿಯ ನೀರಿನಲ್ಲಿ ಬೆಳೆದ ಮೋಡ

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರೊದ್ದಂ ನರಸಿಂಹ ಮತ್ತು ಅವರ ಸಂಗಡಿಗರು ನೀರಿನ ತೊಟ್ಟಿಯೊಳಗೆ ರಾಶಿಮೋಡದ ಬೆಳವಣಿಗೆಯನ್ನು ಮರುಸೃಷ್ಟಿಸಿ, ಅದರ ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದರು. ಮುಂಗಾರಿನ ಮುನ್ಸೂಚನೆ ಎಲ್ಲಿ ಎಡವುತ್ತದೆ ಎಂಬುದನ್ನು ಅರಿಯಲು ಇದಕ್ಕಿಂತ ಸೊಗಸಾದ ಪ್ರಯೋಗ ದೊರೆಯುವುದು ಕಷ್ಟ.

ಇಟ್ಟಿಗೆ ಗೂಡಿನ ಚಿಮಣಿಯಿಂದ ಹೊರಟ ಹೊಗೆ ಮೇಲೇರಿದಂತೆಲ್ಲ ಸುತ್ತಲಿನ ಗಾಳಿಯನ್ನು ಒಳಗೆಳೆದುಕೊಂಡು ಅಗಲವಾಗುತ್ತ, ತೆಳುವಾಗಿ ಕರಗಿಹೋಗುತ್ತದೆ. ಹೀಗೆ ಹೊರಗಿನ ಗಾಳಿ ಒಳಸೇರುವುದನ್ನು ಒಳಸೆಳೆತ ಎನ್ನಬಹುದು. ಆದರೆ ಮಳೆಗಾಲದ ರಾಶಿಮೋಡವು ಹಲವು ಕಿಲೋಮೀಟರ್ ಎತ್ತರ ಬೆಳೆದರೂ ಹೊಗೆಯಂತೆ ಹರಡದೆ ಗೋಪುರದಂತೆ ನಿಲ್ಲುತ್ತದೆ. ಇದಕ್ಕೆ ಕಾರಣವನ್ನು ಗುಪ್ತೋಷ್ಣದಲ್ಲಿ, ಅಂದರೆ ಆವಿಯು ಹನಿಯಾಗುವಾಗ ಬಿಡುಗಡೆಯಾಗುವ ಶಾಖದಲ್ಲಿ, ಹುಡುಕಬೇಕು. ಒಂದು ಕಿಲೋಗ್ರಾಂ ಆವಿ ದ್ರವವಾದಾಗ ಸುಮಾರು 25 ಲಕ್ಷ ಜೂಲ್‌ಗಳಷ್ಟು ಶಾಖ ಹೊರಬರುತ್ತದೆ.

ಈ ಶಾಖವನ್ನು ನೀರಿನಲ್ಲಿ ಒದಗಿಸಿದ ಬಗೆಯೇ ಪ್ರಯೋಗದ ಜಾಣ್ಮೆ. ಲವಣಾಂಶ ತೆಗೆದ ನೀರು ತುಂಬಿದ ತೊಟ್ಟಿಯ ತಳದಿಂದ, ಆಮ್ಲ ಬೆರೆಸಿದ ನೀರಿನ ಧಾರೆಯನ್ನು ಮೇಲಕ್ಕೆ ಚಿಮ್ಮಿಸಿ, ಅದರ ದಾರಿಯಲ್ಲಿ ಅಳವಡಿಸಿದ ತಂತಿಜಾಲಗಳ ನಡುವೆ ವಿದ್ಯುತ್ ಹರಿಸಲಾಯಿತು. ಆಮ್ಲವಿರುವ ನೀರು ಮಾತ್ರ ವಿದ್ಯುತ್ತನ್ನು ಚೆನ್ನಾಗಿ ಸಾಗಿಸುವುದರಿಂದ, ಸುತ್ತಲಿನ ನೀರು ತಣ್ಣಗಿದ್ದು ಧಾರೆಯಷ್ಟೇ ತನ್ನೊಳಗಿನಿಂದ ಬಿಸಿಯಾಯಿತು. ನಿಜವಾದ ಮೋಡದಲ್ಲಿ ನಡೆಯುವುದೂ ಇದೇ. ಶಾಖ ನೀಡುವ ಎತ್ತರವನ್ನೂ ಪ್ರಮಾಣವನ್ನೂ ಬದಲಿಸಿದಾಗ, ಆಕಾಶದಲ್ಲಿ ಕಾಣುವ ಬಗೆಬಗೆಯ ರಾಶಿಮೋಡಗಳ ಆಕಾರಗಳೇ ತೊಟ್ಟಿಯಲ್ಲಿ ಮೂಡಿದವು. ಈ ವಿಧಾನದ ಬೇರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ.ಎಸ್. ಭಟ್ ಮತ್ತು ನರಸಿಂಹ 1980ರ ದಶಕದಲ್ಲಿ ಆರಂಭಿಸಿದ ಕೆಲಸದಲ್ಲಿದೆ. ಒಳಗಿನ ಶಾಖವು ಧಾರೆಯ ದೊಡ್ಡ ಸುಳಿಗಳನ್ನು ಒಡೆದು ಒಳಸೆಳೆತವನ್ನು ತಗ್ಗಿಸುತ್ತದೆ ಎಂದು ಅವರು 1996ರಲ್ಲೇ ತೋರಿಸಿದ್ದರು. ವಿಮಾನಶಾಸ್ತ್ರದಲ್ಲಿ ಹೆಸರಾದ ನರಸಿಂಹ ಮೋಡವನ್ನೂ ದ್ರವದ ಹರಿವಿನ ಸಮಸ್ಯೆಯಾಗಿ ಕಂಡದ್ದರಿಂದಲೇ ಇದು ಸಾಧ್ಯವಾಯಿತು.

ಮುಂಗಾರಿನ ಚಂಚಲತೆಗೆ ಒಳಸೆಳೆತದ ನಂಟು ನೇರವಾದುದು. ಸಮಭಾಜಕದ ಸಾಗರದಿಂದ ಮೋಡದ ಪಟ್ಟಿಗಳು ಕೆಲವು ವಾರಗಳಿಗೊಮ್ಮೆ ಉತ್ತರಕ್ಕೆ ಸರಿಯುವುದನ್ನು ಹವಾಮಾನ ವಿಜ್ಞಾನಿಗಳಾದ ಡಿ.ಆರ್. ಸಿಕ್ಕಾ ಮತ್ತು ಸುಲೋಚನಾ ಗಾಡ್ಗೀಳ್ 1980ರಲ್ಲಿ ಉಪಗ್ರಹ ಚಿತ್ರಗಳಿಂದ ಗುರುತಿಸಿದರು. ಮಳೆಯ ಬಿರುಸು ಮತ್ತು ಬಿಡುವುಗಳು ಈ ಚಲನೆಗೆ ಹೆಣೆದುಕೊಂಡಿವೆ. ವಾಯವ್ಯದ ಒಣಗಾಳಿ ನುಗ್ಗಿದಾಗ, ಮೋಡವು ಅದನ್ನು ಎಷ್ಟು ಒಳಗೆಳೆದುಕೊಳ್ಳುತ್ತದೆ ಎಂಬುದರ ಮೇಲೆ ಅದರ ಬೆಳವಣಿಗೆ ನಿಂತಿದೆ. 2002ರ ಜುಲೈನಲ್ಲಿ ದೇಶದಲ್ಲಿ ವಾಡಿಕೆಯ ಅರ್ಧದಷ್ಟೇ ಮಳೆ ಬಿದ್ದಾಗ, ಅದನ್ನು ಮೊದಲೇ ಹೇಳಲು ಯಾವ ಮುನ್ಸೂಚನಾ ಮಾದರಿಗೂ ಆಗಲಿಲ್ಲ.

ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ ರೂಪಿಸಿ, 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆಯು ವಾತಾವರಣವನ್ನು 6 ಕಿಲೋಮೀಟರ್ ಅಗಲದ ಕಣ್ಣುಗಳ ಜಾಲವಾಗಿ ಲೆಕ್ಕ ಹಾಕುತ್ತದೆ. ಮೊದಲಿನ 12 ಕಿಲೋಮೀಟರ್‌ಗೆ ಹೋಲಿಸಿದರೆ ಇದು ದೊಡ್ಡ ಮುನ್ನಡೆಯೇ ಆದರೂ, ಕಿಲೋಮೀಟರಿನಷ್ಟೇ ಅಗಲದ ಮೋಡ ಈ ಕಣ್ಣಿಗೂ ಸಿಗುವುದಿಲ್ಲವಾದ್ದರಿಂದ ಒಳಸೆಳೆತಕ್ಕೆ ಅಂದಾಜಿನ ಸೂತ್ರವನ್ನೇ ನೆಚ್ಚಬೇಕಾಗುತ್ತದೆ. ಕಂಪ್ಯೂಟರಿನ ವೇಗ ಹೆಚ್ಚಿದ ಮಾತ್ರಕ್ಕೆ ತಪ್ಪು ಸೂತ್ರ ಸರಿಯಾಗದು. ಆದ್ದರಿಂದ 2024ರಲ್ಲಿ ಒಪ್ಪಿಗೆ ಪಡೆದ ಮಿಷನ್ ಮೌಸಮ್ ಎಂಬ ಹವಾಮಾನ ಯೋಜನೆಯ 2,000 ಕೋಟಿ ರೂಪಾಯಿಯಲ್ಲಿ ಯಂತ್ರಗಳಷ್ಟೇ ಧಾರಾಳವಾದ ಪಾಲು ಇಂಥ ಪ್ರಯೋಗಶಾಲೆಗಳಿಗೂ ಸಲ್ಲಬೇಕು.