ಎಳೆಗೆ ಹರಳು ಹಿಡಿಸುವ ಕಸುಬು

ಮುಖಗವಸಿನ ಹತ್ತಿಬಟ್ಟೆ ದೂಳನ್ನು ಒಂದಿಷ್ಟು ತಡೆದೀತು, ಅನಿಲವನ್ನು ತಡೆಯಲಾರದು. ಅಮೋನಿಯಾದಂಥ ಅನಿಲ ನೂಲುಗಳ ಸಂದಿಯಲ್ಲಿ ಸಲೀಸಾಗಿ ನುಸುಳುತ್ತದೆ. ನೇಯ್ಗೆ ಬಿಗಿ ಮಾಡುತ್ತ ಹೋದರೆ ತೊಟ್ಟವರಿಗೇ ಉಸಿರಾಟ ಕಷ್ಟ. ಆದ್ದರಿಂದ ರಸಾಯನತಜ್ಞರು ಸಂದಿ ಮುಚ್ಚುವ ಗೋಜಿಗೆ ಹೋಗದೆ, ಒಂದೊಂದು ಎಳೆಯ ಮೈಮೇಲೂ ಅನಿಲವನ್ನು ಹಿಡಿದಿಡುವ ಹರಳುಗಳನ್ನು ಬೆಳೆಸುತ್ತಾರೆ.

ಇವು ಲೋಹ-ಸಾವಯವ ಚೌಕಟ್ಟುಗಳು, ಚಿಕ್ಕದಾಗಿ ‘ಮಾಫ್’. ಲೋಹದ ಅಯಾನುಗಳನ್ನು ಸಾವಯವ ಅಣುಗಳು ಒಂದಕ್ಕೊಂದು ಜೋಡಿಸುತ್ತವೆ. ನಡುವೆಲ್ಲ ಖಾಲಿ ಜಾಗ. ಇವುಗಳನ್ನು ರೂಪಿಸಿದ ಸುಸುಮು ಕಿತಾಗಾವಾ, ರಿಚರ್ಡ್ ರಾಬ್ಸನ್, ಒಮರ್ ಯಾಘಿ ಅವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಹತ್ತಿಯ ಮೇಲೆ ಬೆಳೆಸಲು ಒಗ್ಗಿದ್ದು ತಾಮ್ರದ ಮಾಫ್. ಹಾಂಗ್‌ಕಾಂಗ್‌ನ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದವರು 1999ರಲ್ಲಿ ಪ್ರಕಟಿಸಿದ್ದರಿಂದ ಅದರ ಹೆಸರು ಎಚ್‌ಕೆಯುಎಸ್‌ಟಿ-1. ಒಂದೇ ಗ್ರಾಂ ಪುಡಿಯ ಒಳಮೈ ಸಾವಿರ ಚದರ ಮೀಟರನ್ನೂ ಮೀರುತ್ತದೆ.

ಹರಳನ್ನು ಬಟ್ಟೆಗೆ ಬರಿದೇ ಉಜ್ಜಿದರೆ ಅದು ನಿಲ್ಲುವುದಿಲ್ಲ, ಒದರಿದರೆ ಉದುರುತ್ತದೆ. ಬಣ್ಣಗಾರರು ಬಣ್ಣಕ್ಕೆ ಮೊದಲು ಬಟ್ಟೆಯನ್ನು ಪಟಿಕದ ನೀರಿನಲ್ಲಿ ನೆನೆಸುವಂತೆ ಇಲ್ಲೂ ಬಟ್ಟೆಯನ್ನು ಮೊದಲು ಹದಗೊಳಿಸಬೇಕು. ಕ್ಷಾರದೊಡನೆ ಕ್ಲೋರೋಅಸಿಟೇಟ್ ಹಾಕಿ ಸಂಸ್ಕರಿಸಿದಾಗ ಹತ್ತಿಯ ಸೆಲ್ಯುಲೋಸಿನಲ್ಲಿ ತಾಮ್ರ ಕಚ್ಚಿಕೊಳ್ಳಬಲ್ಲ ಆಮ್ಲದ ತುದಿಗಳು ಮೂಡುತ್ತವೆ. ಆಮೇಲೆ ತಾಮ್ರದ ಅಸಿಟೇಟಿನಲ್ಲಿ ಅದ್ದು, ತೊಳೆ. ಜೋಡಿಸುವ ಸಾವಯವ ಅಣುವಾದ ಟ್ರೈಮೆಸಿಕ್ ಆಮ್ಲದಲ್ಲಿ ಅದ್ದು, ಮತ್ತೆ ತೊಳೆ. ಸುತ್ತು ಸುತ್ತಿಗೂ ಬಟ್ಟೆಗೆ ನೀಲಿ ಏರುತ್ತದೆ. ನನಗೆ ಈ ತೊಳೆಯುವ ಹಂತದ ಮೇಲೆಯೇ ಹೆಚ್ಚು ಗೌರವ: ಉಳಿಕೆ ದ್ರಾವಣ ಹೋಗದಿದ್ದರೆ ಹರಳು ಎಳೆಯನ್ನು ಬಿಟ್ಟು ನೀರಿನಲ್ಲೇ ಕಟ್ಟಿಬಿಡುತ್ತದೆ. ಪದರ ತೀರ ತೆಳುವಾದರೆ ಹಿಡಿಯುವ ಅನಿಲ ಕಡಿಮೆ. ದಪ್ಪವಾದರೆ ಬಟ್ಟೆ ಬಿರುಸಾಗಿ, ಮಡಿಸಿದಲ್ಲಿ ಪುಡಿ ಉದುರುತ್ತದೆ. ಎಲ್ಲಿ ನಿಲ್ಲಿಸಬೇಕೆಂಬ ಹದ ಅನುಭವದಿಂದಲೇ ಬರಬೇಕು.

ತಾಮ್ರದ ಮಾಫ್ ಅಮೋನಿಯಾವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ತೇವಕ್ಕೆ ಸೋಲುತ್ತದೆ. ನಮ್ಮ ಉಸಿರೇ ತೇವವಲ್ಲವೇ? ಅದಕ್ಕೇ ಹಲವರು ಜಿರ್ಕೋನಿಯಂನ ಯುಐಒ-66ರತ್ತ ಹೊರಳಿದರು. 2008ರಲ್ಲಿ ಆಸ್ಲೋ ವಿಶ್ವವಿದ್ಯಾಲಯದಿಂದ ಬಂದ ಇದು ನೀರಿಗೆ ಜಗ್ಗದು. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದ ಗ್ರೆಗರಿ ಪಾರ್ಸನ್ಸ್ ತಂಡದವರು ನೈಲಾನಿನ ನ್ಯಾನೊ ಎಳೆಗಳಿಗೆ ಮೊದಲು ಟೈಟಾನಿಯಂ ಡೈಆಕ್ಸೈಡಿನ ಅತಿ ತೆಳು ಲೇಪ ಕೊಟ್ಟು, ಅದರ ಮೇಲೆ ಈ ಜಾತಿಯ ಹರಳುಗಳನ್ನು ಬೆಳೆಸಿದರು.

ಇಷ್ಟು ಅದ್ದಿ ತೊಳೆಯುವ ಕೆಲಸ ಕಾರ್ಖಾನೆಗೆ ನಿಧಾನವೆನಿಸುತ್ತದೆ. ಬೀಜಿಂಗ್ ತಂತ್ರಜ್ಞಾನ ಸಂಸ್ಥೆಯ ಬೋ ವಾಂಗ್ ತಂಡ ಕಾಸಿದ ಉರುಳೆಗಳ ನಡುವೆ ಒತ್ತಿ, ಬಟ್ಟೆಯ ಮೇಲೆಯೇ ಹರಳು ಮೂಡಿಸುವ ವಿಧಾನವನ್ನು 2017ರಲ್ಲಿ ಪ್ರಕಟಿಸಿತು. ಸುರುಳಿಯಾಗಿ ಬಿಚ್ಚಿಕೊಳ್ಳುವ ಬಟ್ಟೆ ಒಂದೆಡೆ ಒಳಹೊಕ್ಕು, ಇನ್ನೊಂದೆಡೆ ಸೂಕ್ಷ್ಮ ದೂಳನ್ನು ಹಿಡಿಯಬಲ್ಲ ಸೋಸುಬಟ್ಟೆಯಾಗಿ ಹೊರಬರುತ್ತದೆ.