ಕಾಡತೂಸಿನ ಹಿತ್ತಾಳೆ

ಬಂದೂಕಿನಿಂದ ಗುಂಡು ಹಾರಿದ ಮೇಲೆ ಹಿಂದುಳಿಯುವುದು ಕಾಡತೂಸಿನ ಬರಿದಾದ ಹಿತ್ತಾಳೆಯ ಕೋಶ. ಅಮೆರಿಕದಲ್ಲಿ ಗುರಿಸ್ಪರ್ಧೆಗಳಲ್ಲಿ ತೊಡಗುವ ಅನೇಕರು ಇದನ್ನು ಎಸೆಯದೆ, ಉಕ್ಕಿನ ಅಚ್ಚಿನೊಳಕ್ಕೆ ಒತ್ತಿ, ಹಿಂದಿನ ಅಳತೆಗೆ ತಂದು ಮತ್ತೆ ಬಳಸುವರು. ಅಚ್ಚು ಒಂದೇ, ಒತ್ತುವ ಕೈಯೂ ಒಂದೇ. ಆದರೂ ಹೊರಬಂದ ಹತ್ತು ಕೋಶಗಳನ್ನು ಸೂಕ್ಷ್ಮವಾಗಿ ಅಳೆದರೆ ಅವು ಸಮನಾಗಿರುವುದಿಲ್ಲ. ದೋಷವು ಅಚ್ಚಿನದೆಂದು ದೂರುವವರೇ ಹೆಚ್ಚು. ನಾವಾದರೋ ಮೊದಲು ಲೋಹವನ್ನು ವಿಚಾರಿಸುವುದು ಮೇಲು.

ಕೋಶದ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಅಮೆರಿಕದ ಸೈನ್ಯವು 1906ರಲ್ಲಿ ಅಂಗೀಕರಿಸಿದ ‘ಥರ್ಟಿ-ಆಟ್-ಸಿಕ್ಸ್’ ಕಾಡತೂಸಿನಲ್ಲಿ ಅನಿಲದ ಒತ್ತಡವು ವಾಯುಮಂಡಲದ ಒತ್ತಡದ 4,000 ಪಟ್ಟಿನಷ್ಟಾಗಬಲ್ಲುದು. ಆಗ ಕೋಶವು ಉಬ್ಬಿ ಕೋವಿಯ ಗೋಡೆಗೆ ಅಂಟಿಕೊಳ್ಳುವುದು. ಅಚ್ಚಿನಲ್ಲಿ ನಾವು ಅದನ್ನು ಮತ್ತೆ ಕುಗ್ಗಿಸುತ್ತೇವೆ. ಆದರೆ ಅಚ್ಚಿನಿಂದ ಬಿಡುಗಡೆಯಾದೊಡನೆ ಅದು ಸ್ಥಿತಿಸ್ಥಾಪಕತ್ವದಿಂದ ಕೊಂಚ ಹಿಂದಕ್ಕೆ ಚಿಮ್ಮುವುದು.

ಎಷ್ಟು? ಸ್ಥೂಲವಾಗಿ ಲೆಕ್ಕ ಹಾಕೋಣ. ಹಿತ್ತಾಳೆಯ ಯಂಗ್ ಗುಣಾಂಕ ಚದರ ಮಿಲಿಮೀಟರಿಗೆ ಸುಮಾರು 11,000 ಕಿಲೋಗ್ರಾಂ ಭಾರ. ಮೆತ್ತಗಿನ ಹಿತ್ತಾಳೆ 11 ಕಿಲೋಗ್ರಾಂ ಭಾರಕ್ಕೇ ಮಣಿಯುವುದು. ಗಡುಸಾದುದು 44ರವರೆಗೂ ಸೆಟೆದು ನಿಲ್ಲುವುದು. ಭಾಗಿಸಿದರೆ ಮೊದಲನೆಯದು ಸಾವಿರಕ್ಕೆ ಒಂದರಷ್ಟು, ಎರಡನೆಯದು ನಾಲ್ಕರಷ್ಟು ಹಿಂಚಿಮ್ಮುವುದೆಂದಾಯಿತು. 8.6 ಮಿಲಿಮೀಟರು ವ್ಯಾಸದ ಕೊರಳಿನಲ್ಲಿ ಇವೆರಡರ ಅಂತರ 0.026 ಮಿಲಿಮೀಟರು, ಎಂದರೆ ಅಂಗುಲದ ಸಾವಿರದ ಒಂದು ಪಾಲು. ಇದು ಅಲ್ಪವೆನ್ನುವಿರಾ? ಗುಂಡನ್ನು ಬಿಗಿಹಿಡಿಯಲು ಕೊರಳನ್ನು ಕಿರಿದಾಗಿಸುವುದೇ ಅಂತಹ ಎರಡು ಮೂರು ಪಾಲಿನಷ್ಟು!

ಮೆತ್ತಗಿದ್ದುದು ಗಡುಸಾಗುವುದೇಕೆ? ಪ್ರತಿಸಲ ಉಬ್ಬಿ ಕುಗ್ಗಿದಾಗಲೂ ಸ್ಫಟಿಕಗಳೊಳಗೆ ಪರಮಾಣುಗಳ ಸಾಲು ತಪ್ಪಿದ ಎಡೆಗಳು ಹೆಚ್ಚಿ, ಒಂದರ ಚಲನೆಗೆ ಇನ್ನೊಂದು ಅಡ್ಡಬರುವುದು. ಪಾತ್ರೆ ಬಡಿಯುವ ಕಂಚುಗಾರನು ನಡುನಡುವೆ ಅದನ್ನು ಬೆಂಕಿಗೆ ಹಿಡಿಯುವುದು ಇದರ ಪರಿಹಾರಕ್ಕೇ. ಕಾಸಿದಾಗ ಹೊಸ ಸ್ಫಟಿಕಗಳು ಮೂಡಿ ಲೋಹ ಮೆತ್ತಗಾಗುವುದು. ಆದುದರಿಂದ ಒಮ್ಮೆ ಹಾರಿಸಿದ ಕೋಶವನ್ನೂ ಐದು ಸಲ ಹಾರಿಸಿದುದನ್ನೂ ಬೆರೆಸದಿರುವುದು, ಕೊರಳನ್ನು ಆಗಾಗ ಒಂದೇ ಹದಕ್ಕೆ ಕಾಸುವುದು, ಎಲ್ಲಕ್ಕೂ ಸಮನಾಗಿ ಜಿಡ್ಡು ಸವರುವುದು, ಇವು ಸಮಫಲಕ್ಕೆ ಸಾಧನಗಳು. ಕಾಸುವಾಗ ಉಷ್ಣತೆಯೊಂದೇ ಅಲ್ಲ, ಕಾಲವೂ ಮುಖ್ಯ. ಕುಲುಮೆಯಲ್ಲಿ ಒಂದು ಗಂಟೆ ಇಡುವುದಕ್ಕೆ ಸಾಕಾದ ಉಷ್ಣತೆ ಕೆಲವೇ ಸೆಕೆಂಡುಗಳ ಜ್ವಾಲೆಗೆ ಸಾಲದು. ಬುಡವನ್ನು ಮಾತ್ರ ಕಾಸಲೇಬಾರದು. ಅದು ಮೆತ್ತಗಾದರೆ ಒತ್ತಡವನ್ನು ತಾಳದೆ ಬಿಸಿ ಅನಿಲ ಹಾರಿಸುವವನ ಮುಖದತ್ತ ನುಗ್ಗೀತು. ಕಾಸಿದೊಡನೆ ನೀರಿಗೆ ಹಾಕುವರಲ್ಲ, ಅದು ಉಕ್ಕಿನಂತೆ ಹಿತ್ತಾಳೆಯನ್ನು ಗಡುಸಾಗಿಸುವುದಿಲ್ಲ. ಶಾಖ ಬುಡಕ್ಕೆ ಹರಿಯದಂತೆ ತಡೆಯುವುದಷ್ಟೆ.

ಅಚ್ಚಿನ ಬಲ ಲೋಹದೊಳಗೆ ಬಿಗುವಾಗಿ ಉಳಿಯುವುದೂ ಉಂಟು. ಬ್ರಿಟಿಷರ ಕಾಲದಲ್ಲಿ ಭಾರತದ ಸೇನಾಠಾಣ್ಯಗಳಲ್ಲಿ, ಕುದುರೆಲಾಯಗಳ ಬಳಿ ಇರಿಸಿದ ಕಾಡತೂಸುಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕುಬಿಡುತ್ತಿದ್ದವು. ಒಳಗಿನ ಬಿಗುವಿನೊಡನೆ ಅಮೋನಿಯಾ ಸೇರಿದಾಗ ಹೀಗಾಗುವುದೆಂದು 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ವಿವರಿಸಿದರು. ಸೈನ್ಯದ ಕಾಡತೂಸಿನ ಕೊರಳ ಬಳಿ ಇಂದಿಗೂ ಕಾಣುವ ನಸುಗಂದು ಛಾಯೆ ಕಾರ್ಖಾನೆಯಲ್ಲಿ ಕಾಸಿದುದರ ಗುರುತು; ಅಂಗಡಿಯ ಸರಕಿನಲ್ಲಿ ಸಾಮಾನ್ಯವಾಗಿ ಅದನ್ನು ಉಜ್ಜಿ ಅಳಿಸಿರುವರು.